ಕರಿ ನಾಲ್ಕರ ಮಾಸ್ತರು

ಪೆಟ್ಟಿಗೆ ಮಾಸ್ತರು ತಿಪ್ಪೇಶಪ್ಪನವರು ಹಳ್ಳಿಯವರಿಗೆ ನಾಟಕ ಕಲಿಸಿ ಹೊಟ್ಟೆ ಹೊರೆಯುತ್ತಿದ್ದರು. ಆ ಹಳ್ಳಿಯವರನ್ನು ಕಂಡರೇ ಅವರಿಗೆ ಮೈ ಉರಿಯುತ್ತಿತ್ತು. ಸುಗ್ಗಿ ಮುಗಿಯುತ್ತಲೂ ಚನ್ನಗಿರಿಯ ಮನೆಯಿಂದ ಹಾರ್ಮೋನಿಯಂ ಪೆಟ್ಟಿಗೆ ಹೊರಿಸಿಕೊಂಡು ಹೊರಟರೆ ಸೂಳೆಕೆರೆ ಸುತ್ತಿನ ಊರು, ಹೊನ್ನಾಳಿ, ನ್ಯಾಮತಿ ಎಲ್ಲ ಮುಗಿಸಿ ಮಳೆ ಹಿಡಿಯುವ ಹೊತ್ತಿಗೆ ಹಿಂದಿರುಗುವರು. ಎಲ್ಲಿ ಹೋದರೂ ಅದೇ ಪಾಡು. ರಾಜನ ಪಾರ್ಟಿನವನಿಗೆ ಮಾತು ನೆನಪಿರುವುದಿಲ್ಲ, ಮಂತ್ರಿ ನಡುವೆ ಬೀಡಿ ಸೇದಲು ಎದ್ದು ಹೋಗುತ್ತಾನೆ, ಸಖಿಯ ಪಾರ್ಟಿನವನು ಮೀಸೆ ಬೋಳಿಸಲು ಒಪ್ಪುವುದಿಲ್ಲ. “ದೇವರು ಇವಕ್ಕೆ ಬಾಯಿ ಕೊಟ್ಟಿದ್ದು ಮುದ್ದೆ ನುಂಗಾಕೆ ಕಣೆ, ಹಾಡಾಕಲ್ಲ” ಎಂದು ಹೆಂಡತಿ ಅಜ್ಜಮ್ಮನ ಮುಂದೆ ಉಗಿಯುತ್ತಿದ್ದರು.

ಮಾಸ್ತರರ ಹೆಸರು ನಿಂತಿದ್ದುದು ಒಂದೇ ಒಂದು ಹಟದ ಮೇಲೆ. ಅವರ ಕೈಕೆಳಗೆ ಹಾಡುವವನು ಕರಿ ನಾಲ್ಕರಲ್ಲೇ ಹಾಡಬೇಕು. ಪೆಟ್ಟಿಗೆಯ ಕಪ್ಪು ಮನೆಗಳಲ್ಲಿ ನಾಲ್ಕನೆಯದನ್ನು ಒತ್ತಿ, ಅದನ್ನೇ ಷಡ್ಜ ಮಾಡಿಕೊಂಡು ಹಾಡುವುದೆಂದರೆ ಸಾಧಾರಣ ಗಂಡಸಿನ ಗಂಟಲಿಗೆ ನೇಣು ಹಾಕಿಕೊಂಡ ಹಾಗೆ. ಆದರೆ ಆ ಕಾಲದ ಜನ ಗಾಯಕನನ್ನು ಅಳೆಯುತ್ತಿದ್ದುದೇ ಈ ಲೆಕ್ಕದಲ್ಲಿ. ರಾಗ ಕೆಟ್ಟಿತೋ ಉಳಿಯಿತೋ ಕೇಳುವವರಿಲ್ಲ, ಎಷ್ಟನೇ ಮನೆ ಎಂದು ಮೊದಲು ಕೇಳುವರು. ಯಾರಾದರೂ ಸ್ವಲ್ಪ ಇಳಿಸೋಣವೇ ಎಂದು ಗೋಗರೆದರೆ ಮಾಸ್ತರರ ಬಾಯಲ್ಲಿ ಒಂದೇ ಮಾತು ಸಿದ್ಧವಾಗಿತ್ತು: “ಕರಿ ಎರಡರಾಗೆ ಹಾಡೋನು ಮನೇಲಿ ಕುಂತು ತೊಟ್ಲು ತೂಗ್ಲಿ.”

ಅವರದೇ ಗಂಟಲು ಹೋದದ್ದೂ ಕರಿ ನಾಲ್ಕರಲ್ಲಿಯೇ. ಜಗಳೂರಿನಲ್ಲಿ ಕುರಿ ಕಾಯುತ್ತಿದ್ದವರ ಮಗ, ಎಂಟು ವರ್ಷಕ್ಕೇ ನಾಟಕ ಕಂಪನಿ ಸೇರಿ ಹೆಣ್ಣು ಪಾರ್ಟು ಮಾಡಿದವರು. ಹತ್ತೊಂಬತ್ತರ ಪ್ರಾಯದಲ್ಲಿ, ಕಂಪನಿ ಹೊನ್ನಾಳಿಯಲ್ಲಿ ಬೀಡುಬಿಟ್ಟಿದ್ದಾಗ, ಒಡೆದ ಗಂಟಲನ್ನು ಲೆಕ್ಕಿಸದೆ ಮಾಲೀಕ ಏರು ಶ್ರುತಿಯಲ್ಲೇ ಹಾಡಿಸಿದ. ಮೂರನೇ ದಿನ ಬಾಯಿ ತೆರೆದರೆ ಬರೀ ಗಾಳಿ ಬಂತು. ಮಾಲೀಕ ಅವರನ್ನು ಪೆಟ್ಟಿಗೆಯ ಹಿಂದೆ ಕೂರಿಸಿದ. ಅಂದಿನಿಂದ ತಿಪ್ಪೇಶಪ್ಪನವರು ಒಂದು ಸಾಲೂ ಹಾಡಿಲ್ಲ. ತಮಗೆ ದಕ್ಕದ್ದು ಈ ದನ ಕಾಯುವವರಿಗೆ ದಕ್ಕೀತೇ ಎಂದು ನೋಡುವುದೇ ಅವರ ಕಸುಬಾಯಿತು. ದಕ್ಕದಿದ್ದರೆ ಒಳಗೊಳಗೇ ಖುಷಿಪಡುತ್ತಿದ್ದರು.

ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ನ್ಯಾಮತಿಯವರು ಕರೆಸಿದಾಗ ಮಾಸ್ತರರ ಹೆಸರು ಆಗಲೇ ಅಲ್ಲಾಡತೊಡಗಿತ್ತು. ಹಿಂದಿನ ವರ್ಷ ಸೂಳೆಕೆರೆ ಕಡೆಯ ಒಂದು ಊರಿನಲ್ಲಿ ಇಬ್ಬರು ಹಾಡುಗಾರರು ನಾಟಕದ ದಿನವೇ ಗಂಟಲು ಕಟ್ಟಿ ಮಲಗಿದ್ದರು. ತಿಪ್ಪೇಶಪ್ಪ ಮಾಸ್ತರು ಗಂಟಲು ಮುರಿಯುತ್ತಾನೆ ಎಂಬ ಮಾತು ಸಂತೆಯಲ್ಲಿ ಓಡಾಡುತ್ತಿತ್ತು. ನ್ಯಾಮತಿಯ ನಾಟಕವೂ ಬಿದ್ದರೆ ಇನ್ನು ಯಾವ ಊರಿನವರೂ ಕರೆಯುವುದಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅಲ್ಲಿ ರಾಜನ ಪಾರ್ಟು ಶೇಂಗಾ ಮಂಡಿಯ ಹಾಲೇಶಪ್ಪನದು. ದುಂಡು ಹೊಟ್ಟೆ, ಜರಿ ರುಮಾಲು, ಕನ್ನಡಿ ಕಂಡಲ್ಲೆಲ್ಲ ನಿಂತು ಮೀಸೆ ತಿರುವುವ ಚಟ. ತಾನು ಹುಟ್ಟಿನಿಂದ ಕರಿ ನಾಲ್ಕರವನು ಎಂದು ಊರಿಗೆಲ್ಲ ಸಾರಿಕೊಂಡಿದ್ದ. ಊರಿಗೊಂದು ಸ್ವಂತ ಪೆಟ್ಟಿಗೆ ಬೇಕೆಂದು ಎಬ್ಬಿಸಿದವನೂ ಅವನೇ. ಸರಿ, ಕಮಾನು ಗಾಡಿ ಕಟ್ಟಿಸಿ ಮಾಸ್ತರರನ್ನೂ ಊರಿನ ನಾಲ್ಕು ಜನರನ್ನೂ ಕೂರಿಸಿಕೊಂಡು ಹೊನ್ನಾಳಿಗೆ, ಪೆಟ್ಟಿಗೆ ರಿಪೇರಿಯ ಗನಿಸಾಬರ ಅಂಗಡಿಗೆ ಹೊರಟ.

ಯುದ್ಧ ಶುರುವಾದ ಮೇಲೆ ಪೆಟ್ಟಿಗೆಯೊಳಗೆ ಸ್ವರ ಹೊರಡಿಸುವ ಹಿತ್ತಾಳೆಯ ಪಟ್ಟಿ, ಜರ್ಮನಿಯ ರೀಡು, ಬರುವುದು ನಿಂತಿತ್ತು. ಹೊಸ ಪೆಟ್ಟಿಗೆ ಸಿಗುತ್ತಿರಲಿಲ್ಲ. ಗನಿಸಾಬರ ಹತ್ತಿರ ಹಳೆಯವನ್ನು ಬಿಚ್ಚಿ ಕಟ್ಟಿದ ಎರಡು ಪೆಟ್ಟಿಗೆಗಳಿದ್ದವು. ಬೆಲೆಯಲ್ಲಿ ಎರಡೂ ಒಂದೇ, ತೀರಾ ಅಗ್ಗವಲ್ಲ, ತೀರಾ ದುಬಾರಿಯೂ ಅಲ್ಲ. ಒಂದು ಕಪ್ಪು ಬಣ್ಣದ್ದು, ಅಲ್ಲಲ್ಲಿ ಗೀಚು ಬಿದ್ದದ್ದು. ಇನ್ನೊಂದಕ್ಕೆ ಕೆಂಪು ಮೆರುಗು, ಮುಂದೆ ಹೂವಿನ ಕೆತ್ತನೆ. ನ್ಯಾಮತಿಯ ಪಂಡಿತರು ಪರೀಕ್ಷೆ ಶುರು ಮಾಡಿದರು. ಒಬ್ಬ ಎತ್ತಿ ತೂಕ ನೋಡಿದ. ಇನ್ನೊಬ್ಬ ಎತ್ತಿನ ಹಲ್ಲು ನೋಡುವವನಂತೆ ಬಗ್ಗಿ ಮನೆಗಳನ್ನು ಎಣಿಸಿದ. ಮತ್ತೊಬ್ಬ ಗಾಳಿ ಹಾಕುವ ತಿದಿಗೆ ಮೂಗು ಹಚ್ಚಿ ಮೂಸಿದ. ಮಾಸ್ತರರು ಗೋಡೆಗೆ ಒರಗಿ, ಇಂಥವರ ನಡುವೆ ತಮ್ಮ ಆಯುಸ್ಸು ಸವೆಯಿತಲ್ಲ ಎಂದು ಕಣ್ಣು ಮುಚ್ಚಿಕೊಂಡರು.

ಆಮೇಲೆ ಕಪ್ಪು ಪೆಟ್ಟಿಗೆಯ ಮುಂದೆ ಕೂತು ಕರಿ ನಾಲ್ಕು ಹಿಡಿದರು. ನಾದ ಚೊಕ್ಕವಾಗಿತ್ತು. ಹಾಲೇಶಪ್ಪ ಕೈ ಮೇಲೆತ್ತಿ ಹಾಡಿದ. ಪಲ್ಲವಿ ಹೇಗೋ ದಾಟಿತು, ಮೇಲಿನ ಷಡ್ಜಕ್ಕೆ ಹೋಗುವಾಗ ಗಂಟಲು ಸೀಳಿ ಕೆಮ್ಮು ಹತ್ತಿತು. ಅಂಗಡಿಯ ಮುಂದೆ ನಿಂತಿದ್ದ ಆಡು ಕೂಡ ಸರಿದು ನಿಂತಿತು.

“ಈ ಪೆಟ್ಗೇದೇ ದೋಷ. ಇನ್ನೊಂದ್ ತಗೀರಿ” ಎಂದ ಹಾಲೇಶಪ್ಪ.

ಕೆಂಪು ಪೆಟ್ಟಿಗೆಯ ಕರಿ ನಾಲ್ಕನ್ನು ಒತ್ತಿದ ಕೂಡಲೇ ಮಾಸ್ತರರ ಕಿವಿ ನಿಮಿರಿತು. ಸ್ವರ ಪೂರಾ ಒಂದು ಮನೆ ತಗ್ಗಿತ್ತು. ಕಪ್ಪು ಪೆಟ್ಟಿಗೆಯ ಕರಿ ಮೂರು ಇದರ ಕರಿ ನಾಲ್ಕಾಗಿತ್ತು. ಎರಡನ್ನೂ ಒಟ್ಟಿಗೆ ಒತ್ತಿದ್ದರೆ ಎಳೆ ಮಗುವಿಗೂ ತಿಳಿಯುತ್ತಿತ್ತು, ಆದರೆ ಒತ್ತಿ ನೋಡುವ ಬುದ್ಧಿ ಅಲ್ಲಿ ಯಾರಿಗೂ ಇರಲಿಲ್ಲ. ಹಾಲೇಶಪ್ಪ ಹಾಡಿದ. ಮೇಲಿನ ಷಡ್ಜ ಸಲೀಸಾಗಿ ಸಿಕ್ಕಿತು.

“ಕೇಳಿದ್ರಾ? ಅದೇ ಕರಿ ನಾಲ್ಕು! ಪೆಟ್ಗೆ ಸರಿ ಇದ್ರೆ ಹೆಂಗೆ ಬರ್ತೈತೆ ನೋಡ್ರಿ. ಏನಂತೀರಿ ಮಾಸ್ತರ್ರೇ?”

ಒಳ್ಳೆಯ ಪೆಟ್ಟಿಗೆ ಯಾವುದೆಂದು ಮಾಸ್ತರರಿಗೆ ಗೊತ್ತಿತ್ತು. ಅದನ್ನು ಕೊಂಡರೆ ನಾಟಕ ಬೀಳುತ್ತದೆ, ತಮ್ಮ ಅನ್ನವೂ ಹೋಗುತ್ತದೆ ಎಂಬುದೂ ಗೊತ್ತಿತ್ತು. ಈ ಮುಠ್ಠಾಳರಿಗೆ ಸುಳ್ಳು ಪೆಟ್ಟಿಗೆಯೇ ಸರಿ ಎಂದು ಮನಸ್ಸಿನಲ್ಲೇ ಉಗಿದು, “ಕೆಂಪಂದೇ ಇರ್ಲಿ” ಎಂದರು.

ಗನಿಸಾಬರು ತಲೆ ಎತ್ತಿ ನೋಡಿದರು. “ಮಾಸ್ತರ್ರ ಕಿವಿಗೂ ಇದೇ ಸರಿ ಕಾಣ್ತಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತತೊಡಗಿದರು. ಮಾಸ್ತರರಿಗೆ ಕಪಾಳಕ್ಕೆ ಬಿದ್ದಂತಾಯಿತು. ಸಾಬರಿಗೆ ಗುಟ್ಟು ಗೊತ್ತು. ಅವರು ಬಾಯಿ ಬಿಟ್ಟರೆ ಮಾಸ್ತರು ಕಿವುಡನಾಗಬೇಕು, ಇಲ್ಲವೇ ಕಳ್ಳನಾಗಬೇಕು.

ನಾಟಕದ ದಿನ ಗನಿಸಾಬರು ಮುಂದಿನ ಸಾಲಿನಲ್ಲೇ ಬಂದು ಕೂತದ್ದನ್ನು ಕಂಡು ಮಾಸ್ತರರು ಕೆಂಪು ಪೆಟ್ಟಿಗೆಯನ್ನು ಇನ್ನಷ್ಟು ಮರೆಗೆ ಎಳೆದುಕೊಂಡರು. ಪರದೆ ಎದ್ದಿತು, ರಾಜ ಬಂದ. ಮಾಸ್ತರರು ಎಂದಿನಂತೆ ಹಲ್ಲು ಕಚ್ಚಿ ಕಾದರು. ಆದರೆ ಮಗ ಸತ್ತ ದೃಶ್ಯದಲ್ಲಿ ಆ ಹೊಟ್ಟೆಯ ಹಾಲೇಶಪ್ಪ ಹಾಡಿದ್ದು ನಿಜಕ್ಕೂ ಹಾಡಾಗಿತ್ತು. ಕೂಗಾಟವಿರಲಿಲ್ಲ. ಏರುವ ಭಯ ಹೋಗಿದ್ದರಿಂದ ಮಾತಿನ ಅರ್ಥದ ಕಡೆಗೆ ಅವನ ಗಮನ ಹೋಗಿತ್ತು. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಾಸ್ತರರ ಕಣ್ಣೂ ಒದ್ದೆಯಾಯಿತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಶೇಂಗಾ ತೂಗುವವನು ತಮ್ಮನ್ನು ಅಳಿಸುವುದೆಂದರೇನು?

ಮಾರನೆಯ ದಿನ ಜನ ಹಾಕಿದ ಶಾಲು, ಹಾರ ಎಲ್ಲ ಚೀಲಕ್ಕೆ ತುರುಕಿ ಮಾಸ್ತರರು ನೇರ ಗನಿಸಾಬರ ಅಂಗಡಿಗೆ ಹೋದರು.

“ಪೆಟ್ಗೆ ಒಂದು ಮನೆ ತಗ್ಗೈತೆ ಅಂತ ನಿಮಗೆ ಗೊತ್ತಿತ್ತು. ಯಾರಿಗೂ ಹೇಳ್ಬೇಡ್ರಿ.”

“ಗೊತ್ತಿಲ್ದೆ ಏನು? ನಾನೇ ಕೆರೆದಿದ್ದು” ಎಂದು ಗನಿಸಾಬರು ಪುಟ್ಟ ಅರವೊಂದನ್ನು ಎತ್ತಿ ತೋರಿಸಿದರು. “ರೀಡಿನ ಬುಡದಾಗೆ ಕೆರೆದ್ರೆ ಸ್ವರ ಇಳೀತೈತೆ. ಹದಿನಾಲ್ಕು ಪೆಟ್ಗೆ ಹಿಂಗೆ ಮಾಡೀನಿ. ನಿಮ್ಮಂಥ ಮಾಸ್ತರ್ರು ಊರಿನ ಗಂಟ್ಲೆಲ್ಲ ಕುಯ್ತಿದ್ರಿ, ನಾನೇನ್ ಮಾಡ್ಲಿ? ಕರಿ ನಾಲ್ಕು ಬೇಕಂತಾರೆ, ಕರಿ ನಾಲ್ಕು ಕೊಡ್ತೀನಿ. ಹಾಡ್ಕೊಂಡು ಸುಖವಾಗಿರ್ತಾರೆ.”

ಮಾಸ್ತರರಿಗೆ ರೇಗಿತು. “ಸಂಗೀತ ನಿಮಗೇನ್ ಗೊತ್ತು ಸಾಬ್ರೇ?”

“ಏನೂ ಗೊತ್ತಿಲ್ಲ. ನಿಮ್ಮ ಕಂಪನಿ ಈ ಹೊನ್ನಾಳಿಗೆ ಬಂದಾಗ ನಾನು ದೀಪ ಹಚ್ಚಾಕೆ ಇದ್ದೆ. ಪರದೆ ಹಿಂದೆ ಬಣ್ಣ ಬಳ್ಕೊಳ್ತಾ ನೀವು ನಿಮ್ಮಷ್ಟಕ್ಕೆ ಗುನುಗ್ತಿದ್ರಿ. ಕರಿ ಎರಡು ಇರಬೇಕು. ಹಂಗೆ ಹಾಡೋನ್ನ ನಾನು ಇವತ್ತಿಗೂ ಕೇಳಿಲ್ಲ. ಸ್ಟೇಜಿಗೆ ಹೋಗಿ ನಾಲ್ಕರಾಗೆ ಅರಚಿ ಗಂಟ್ಲು ಕಳ್ಕೊಂಡ್ರಿ. ಮಾಲೀಕ ದಡ್ಡ, ಸರಿ. ಅವನು ಸತ್ತು ಎಷ್ಟೋ ವರ್ಷ ಆತು. ಆಮೇಲಾದ್ರೂ ಎರಡನೇ ಮನೆ ಒತ್ತಿ ನೋಡಾಕೆ ನಿಮಗೆ ಏನು ರೋಗ ಬಂದಿತ್ತು?”

ಇಷ್ಟು ಹೇಳಿ ಗನಿಸಾಬರು, ಇವನು ಇನ್ನು ಮಾತಿಗೆ ಯೋಗ್ಯ ಮನುಷ್ಯನಲ್ಲ ಎಂಬಂತೆ, ಬೆನ್ನು ತಿರುಗಿಸಿ ಕೆಲಸ ಹಿಡಿದರು. ಜೀವಮಾನವಿಡೀ ಬೇರೆಯವರನ್ನು ನೋಡಿದ ರೀತಿಯಲ್ಲೇ ತಮ್ಮನ್ನೂ ಒಬ್ಬರು ನೋಡಿದ್ದು ತಿಪ್ಪೇಶಪ್ಪನವರಿಗೆ ಅದೇ ಮೊದಲು. ಎದ್ದು ಬಸ್ಸಿನ ಕಡೆಗೆ ನಡೆದರು.

ಚನ್ನಗಿರಿಯ ಮನೆ ಸೇರಿದಾಗ ಇಳಿ ಮಧ್ಯಾಹ್ನ. ಅಜ್ಜಮ್ಮ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದರು. ಮಾಸ್ತರರು ನಡುಮನೆಯ ಬಾಗಿಲು ಮುಂದೆ ಮಾಡಿ, ತಮ್ಮ ಪೆಟ್ಟಿಗೆಯ ಮುಂದೆ ಕೂತರು. ಅದು ಕೆರೆಯದ ಪೆಟ್ಟಿಗೆ, ಅದರಲ್ಲಿ ಮೋಸವಿರಲಿಲ್ಲ. ಬೆರಳು ಅಭ್ಯಾಸಬಲದಿಂದ ನಾಲ್ಕರ ಮೇಲೆ ಹೋಯಿತು. ಅಲ್ಲಿಂದ ಎತ್ತಿ ಎರಡರ ಮೇಲೆ ಇಡಲು ಅವರಿಗೆ ಬಹಳ ಹೊತ್ತು ಹಿಡಿಯಿತು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

ಮೊದಲು ಗೊರಗೊರ ಸದ್ದು ಬಂತು. ಆಮೇಲೆ ಸ್ವರ ಬಂತು. ಸವೆದಿತ್ತು, ತುಕ್ಕು ಹಿಡಿದಿತ್ತು, ಆದರೂ ಅದು ಅವರದೇ ಸ್ವರ. ಹತ್ತೊಂಬತ್ತನೇ ವಯಸ್ಸಿನಲ್ಲಿ ಸತ್ತಿತೆಂದು ಅತ್ತು ಮುಗಿಸಿದ್ದ ಸ್ವರ ಅಲ್ಲೇ, ಎರಡು ಮನೆ ಕೆಳಗೆ, ಇಷ್ಟು ವರ್ಷವೂ ಕೂತಿತ್ತು.

ಹಿತ್ತಲಲ್ಲಿ ಪಾತ್ರೆಯ ಸದ್ದು ನಿಂತಿತು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಗಂಡನ ಹಾಡು ಕೇಳಿರದ ಅಜ್ಜಮ್ಮ ಬೂದಿಯ ಕೈಯಲ್ಲೇ ಬಂದು ಬಾಗಿಲು ತಳ್ಳಿದರು.

“ಯಾರ್ರೀ ಅದು ಹಾಡಿದ್ದು?”

ಮಾಸ್ತರರು ತಿದಿ ಮುಚ್ಚಿ ಗೋಡೆಯ ಕಡೆ ಮುಖ ತಿರುಗಿಸಿದರು.

“ಯಾವನೋ ತೊಟ್ಲು ತೂಗೋನು ಕಣೆ” ಎಂದರು. “ಇಪ್ಪತ್ತೆರಡು ವರ್ಷ ತಡ ಮಾಡಿ ಬಂದಾನೆ, ದಡ್ಡ ನನ್ಮಗ.”