ಸ್ವಧೆಗೊಂದು ವಾಕ್ಯ

ನಿಘಂಟು ಕಚೇರಿಯಲ್ಲಿ ಅವಳನ್ನು ಎಲ್ಲರೂ ಚೀಟಿಯಕ್ಕ ಎನ್ನುತ್ತಿದ್ದರು. ಇಪ್ಪತ್ತೆಂಟು ವರ್ಷ ಪದಗಳ ಚೀಟಿ ಜೋಡಿಸಿದವಳಿಗೆ ಇನ್ನೇನು ಹೆಸರಿಟ್ಟಾರು? ಸೇರಿದ ದಿನವೇ ಸಂಪಾದಕರು "ಮಾವನ ಶಿಫಾರಸಿನವಳು" ಅಂದಿದ್ದರು. ಆ ಮಾತು ಇವತ್ತಿಗೂ ಅವಳ ಬೆನ್ನು ಬಿಟ್ಟಿರಲಿಲ್ಲ.

ಅಂಥವಳ ಕೈಗೆ 'ಸ್ವಧೆ' ಸಿಕ್ಕಿತು. ಹಳೆಯ ಸಂಸ್ಕೃತದ ಪದ. ಸ್ವ ಎಂದರೆ ತನ್ನದು, ಧಾ ಎಂದರೆ ಇಡು, ನೆಲೆಗೊಳಿಸು. ಎರಡೂ ಕೂಡಿದರೆ, ಯಾರಿಂದಲೂ ಎರವಲು ತಾರದೆ ತನ್ನೊಳಗಿಂದಲೇ ಬರುವ ಬಲ. ಈ ಅರ್ಥದಲ್ಲಿ ಈಗ ಆಡುವವರೇ ಇಲ್ಲ. ಚೀಟಿಯಕ್ಕನಿಗೆ ಖುಷಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸಂಪಾದಕರು ಕನ್ನಡಕದ ಮೇಲಿಂದ ನೋಡಿದರು. "ಜನ ಆಡಿದ ವಾಕ್ಯ ಎಲ್ಲಮ್ಮಾ? ನಾವೇ ಕಟ್ಟೋ ಹಾಗಿಲ್ಲ, ಗೊತ್ತಲ್ಲ. ಐದು ಗಂಟೆಗೆ ಪುಟ ಅಚ್ಚಿಗೆ ಹೋಗತ್ತೆ. ಸಿಗದಿದ್ರೆ ಪದ ತೆಗೆದುಬಿಡ್ತೀನಿ."

ಅವಳು ಪೆನ್ನು ಕಿವಿಗೆ ಸಿಕ್ಕಿಸಿ ಹೊರಟಳು. ಕ್ಯಾಂಟೀನಿನವಳಿಗೆ ಅರ್ಥ ಬಿಡಿಸಿ ಹೇಳಿದರೆ, "ಚಹಾ ಬೇಕಾ ಬೇಡ್ವಾ ಹೇಳಕ್ಕ" ಎಂದಳು. ಫೋನಿನಲ್ಲಿ ಅತ್ತೆ, "ಅದಿರ್ಲಿ, ಬರ್ತಾ ಸೋಪು ತಗೊಂಡು ಬಾ" ಎಂದರು. ಲಿಫ್ಟಿನವನ ಜೊತೆ ಮೂರು ಸಲ ಮೇಲೆ ಕೆಳಗೆ ಓಡಾಡಿ ವಿವರಿಸಿದಳು. ಅವನು "ಹ್ಞೂಂ ಅಕ್ಕ, ಹ್ಞೂಂ" ಎಂದದ್ದೇ ಬಂತು. ತನ್ನ ಹುಚ್ಚಿಗೆ ಅವಳಿಗೇ ನಗು, ಹಿಂದೆಯೇ ಅಳು.

ನಾಲ್ಕೂಮುಕ್ಕಾಲಿಗೆ ಕರೆಂಟು ಹೋಗಿ, ಲಿಫ್ಟು ನಿಂತಿತು. ಅವಳು ಕೆಳಗೆ, ಸಂಪಾದಕರು ಐದನೇ ಮಹಡಿಯಲ್ಲಿ. ಬರಿಗೈಯಾದರೂ ಸರಿ, ಇನ್ನೊಮ್ಮೆ ಬೇಡಿಕೊಳ್ಳೋಣ ಎನಿಸಿತು. ಅವಳ ಮಂಡಿಯೋ, ಒಂದು ಮಹಡಿಗೇ ಗೊಣಗುವಂಥದ್ದು. ಲಿಫ್ಟಿನವ ಕೈ ಚಾಚಿದ. "ಬಿಡಪ್ಪಾ" ಎಂದವಳೇ ಹತ್ತತೊಡಗಿದಳು. ಮೂರನೇ ಮಹಡಿಯಲ್ಲಿ ತಲೆ ಗಿರ್ರೆಂದಿತು. ನಾಲ್ಕನೆಯದರಲ್ಲಿ ಯಾಕೋ ನಗು ಉಕ್ಕಿತು. ಐದನೆಯದಕ್ಕೆ ಏದುಸಿರು ಬಿಡುತ್ತಾ ಬಂದಾಗ ಸಂಪಾದಕರು ಬಾಗಿಲಲ್ಲೇ ಪುಟದ ಮೇಲೆ ಕೆಂಪು ಪೆನ್ಸಿಲು ಆಡಿಸುತ್ತಾ ನಿಂತಿದ್ದರು.

ಅಷ್ಟರಲ್ಲಿ ಮೆಟ್ಟಿಲ ಬುಡದಿಂದ ಕ್ಯಾಂಟೀನಿನವಳ ದನಿ, "ಅಕ್ಕ ಎಲ್ಲಿ?"

ಲಿಫ್ಟಿನವನ ಉತ್ತರ ಐದು ಮಹಡಿಗೂ ಕೇಳಿಸಿತು. "ಮೇಲೆ ಹೋದ್ರು. ಲಿಫ್ಟಿಲ್ಲ, ಕೈ ಕೊಟ್ರೂ ಹಿಡೀಲಿಲ್ಲ. ಬರೀ ಸ್ವಧೆಯಿಂದ ಹತ್ಕೊಂಡು ಹೋದ್ರು."

ಸಂಪಾದಕರ ಪೆನ್ಸಿಲು ನಿಂತಿತು. "ಯಾರನ್ನ ಹೇಳ್ತಿದಾನೆ?"

"ನನ್ನನ್ನೇ ಸಾರ್."

"ಹಾಗಾದ್ರೆ ಬರ್ಕೊಳ್ಳಿ."

ಅವಳು ಕಿವಿಯ ಪೆನ್ನು ತೆಗೆದು ಬರೆದಳು. ಸಂಪಾದಕರು ಚೀಟಿಯನ್ನು ಎರಡು ಸಲ ಓದಿದರು. "ವಾಕ್ಯ ಸರಿಯಾಗಿದೆ" ಎಂದು ಸಹಿ ಹಾಕಿದರು. ಚೀಟಿ ಕೊಡುವಾಗ ಅವಳ ಮುಖ ನೋಡದೆ ಮೆಲ್ಲಗೆ ಅಂದರು, "ಮಾತೂ ನಿಜಾನೇ."