ಹುಳುಮನೆಗೆ ಹೋಗಿಬಂದ ಕನ್ನಡಕ

ಗೆಳೆಯರೇ, ಇವತ್ತು ದಿಬ್ಬೂರಹಳ್ಳಿಯಲ್ಲಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. ನಿಲ್ಲಿಸಿದವರು ನನ್ನ ತಾತನ ತಂಗಿ, ಮುನಿಯಮ್ಮಜ್ಜಿ.

ನಮ್ಮ ವಂಶವೃಕ್ಷದಲ್ಲಿ ಮುತ್ತಾತನ ತಾಯಿಯ ಹೆಸರಿನ ಜಾಗ ಖಾಲಿ ಇದೆ. ಎಲ್ಲರೂ ಆಕೆಯನ್ನು ಬರೀ ‘ಅವ್ವ’ ಎನ್ನುತ್ತಿದ್ದರಂತೆ. ಆಕೆಯ ತವರಿನಿಂದ ಬಂದ ಹಿತ್ತಾಳೆ ಹಂಡೆ ರೇಷ್ಮೆಹುಳು ಸಾಕುವ ಮನೆಯಲ್ಲಿದೆ ಎಂದು ತಿಳಿದು, ಅದರ ಮೇಲೆ ಹೆಸರು ಕೊರೆಸಿರಬಹುದೆಂದು ಚಿಂತಾಮಣಿಯಿಂದ ಓಡಿಬಂದಿದ್ದೆ.

“ಹುಳ ಜ್ವರಕ್ಕೆ ಕೂತವೆ ಕಣಮ್ಮ, ಪೊರೆ ಬಿಡೋ ಹೊತ್ತು, ಹೊರಗಿನವರು ಬರಂಗಿಲ್ಲ. ಹಂಡೆ ಎತ್ತಿ ತರೋಕೆ ನನ್ನ ಸೊಂಟ ಬಿಡಲ್ಲ” ಎಂದರು ಅಜ್ಜಿ.

“ನಾನು ಬರಲ್ಲ. ನನ್ನ ಕನ್ನಡಕ ಬರಬಹುದಾ?”

ಅದರಲ್ಲಿ ಕ್ಯಾಮೆರಾ ಇದೆ. ಹಾಕಿಕೊಂಡವರು ನೋಡಿದ್ದೆಲ್ಲ ನನ್ನ ಫೋನಿನಲ್ಲಿ ಕಾಣುತ್ತದೆ. ಅಜ್ಜಿ ಅದನ್ನು ಸೆರಗಿನಲ್ಲಿ ಚೆನ್ನಾಗಿ ಒರೆಸಿ, ಹಾಕಿಕೊಂಡು ಒಳಗೆ ಹೋದರು. ಫೋನಿನಲ್ಲಿ ಹುಳುಗಳ ತಟ್ಟೆಗಳು ಸರಿದವು. ಮೂಲೆಯಲ್ಲಿ ಹಂಡೆ ಕಂಡಿತು. ಅಜ್ಜಿಯ ಬೆರಳು ಅದರ ಕಂಠದ ಧೂಳು ಒರೆಸಿತು. ಚುಕ್ಕಿಚುಕ್ಕಿಯಾಗಿ ಕೊರೆದ ತೆಲುಗು ಅಕ್ಷರಗಳು: ಗಂಗುಲಮ್ಮ.

ಹೊರಗಿನಿಂದಲೇ ಜೋರಾಗಿ ಓದಿದೆ. ಒಳಗೆ ಅಜ್ಜಿಯ ಬೆರಳು ಆ ಚುಕ್ಕಿಗಳ ಮೇಲೆ ಮತ್ತೊಮ್ಮೆ ಸರಿಯಿತು.

“ಚಿಕ್ಕವಳಿದ್ದಾಗಿಂದ ಇದನ್ನ ತೊಳ್ದಿದೀನಿ. ಓದೋಕೆ ಬರ್ತಿರ್ಲಿಲ್ಲ ನೋಡು” ಎಂದರು ಆಮೇಲೆ. ನಂತರ ಅವರೇ ಒಂದು ಸಲ ಹೇಳಿ ನೋಡಿಕೊಂಡರು, “ಗಂಗುಲಮ್ಮ.”

ಚಿತ್ರವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ವರ್ಷಗಳಿಂದ ಈ ಹೆಸರನ್ನು ಇಂಟರ್ನೆಟ್‌ನಲ್ಲಿ ಹುಡುಕುತ್ತಿರುವ ಚಿಕ್ಕಪ್ಪ ತಕ್ಷಣ ಕೇಳಿದರು, “ಯಾವ ಆ್ಯಪಲ್ಲಿ ಸಿಕ್ತಮ್ಮ?”

“ಹಂಡೇಲಿ, ಚಿಕ್ಕಪ್ಪ” ಎಂದೆ.

ಈಗ ಅದರ ಲಿಂಕ್ ಕಳಿಸು ಎಂದು ಕೂತಿದ್ದಾರೆ.