ಕುರ್ಚಿ ಹೆಣೆಯುವವನು ಎದ್ದು ನಿಂತ ದಿನ

ಕಲಹಾರಿ ಮರುಭೂಮಿಯ ಅಂಚಿನ ಮೊಲಾಪೊನಿ ಎಂಬ ಊರಿನಲ್ಲಿ ರಾ ಕುಟ್ಲೊ ಮಾಡಿದ ಕುರ್ಚಿಯಿಲ್ಲದ ಮನೆ ಹುಡುಕಿದರೂ ಸಿಗದು. ಖೋಟ್ಲಾ ಎಂಬ ಊರಸಭೆಗೆ ಗಂಡಸರು ಮನೆಯಿಂದ ಹೊತ್ತು ತರುತ್ತಾರಲ್ಲ, ತೊಗಲ ಬಾರು ಹೆಣೆದ ಗಿಡ್ಡ ಕುರ್ಚಿಗಳು, ಅವೆಲ್ಲ ಅವನ ಕೈಯವೇ. ಹಿರಿಯ ಗಂಡಸರನ್ನು ಅಲ್ಲಿ 'ರಾ', ಅಂದರೆ ಅಯ್ಯಾ, ಎನ್ನುತ್ತಾರೆ. ಆದರೆ ನಲವತ್ತು ವರ್ಷ ಆ ಸಭೆಯಲ್ಲಿ ಕೂತವನು ಒಮ್ಮೆಯೂ ಎದ್ದು ಮಾತಾಡಿರಲಿಲ್ಲ. ಅವನಿಗೆ ಉಗ್ಗು. ಅವನು ಚಹಾ ಕೇಳಿ ಮುಗಿಸುವಷ್ಟರಲ್ಲಿ ಚಹಾ ಆರಿರುತ್ತದೆ ಎಂದು ಊರು ನಗುತ್ತಿತ್ತು. ಅವನೂ ನಗುತ್ತಿದ್ದ, ಪಾಪ, ಬೇರೇನು ಮಾಡಿಯಾನು?

ಆ ವರ್ಷ ರಾಜಧಾನಿಯಿಂದ ಅಧಿಕಾರಿಯೊಬ್ಬ ಬಂದ. ಊರಿಗೆ ನೀರು ಕೊಡುವ ಪೂರ್ವದ ಕೊಳವೆಬಾವಿಯನ್ನೂ ಸುತ್ತಲಿನ ಹುಲ್ಲುಗಾವಲನ್ನೂ ದನ ಸಾಕುವ ಕಂಪನಿಯೊಂದು ಕೇಳಿತ್ತು. ಒಪ್ಪಿದರೆ ಊರಿಗೆ ನೂರು ಕೆಲಸ. ಮೂರು ದಿನ ವಾದ ನಡೆಯಿತು.

"ಕೆಲಸ ಇಲ್ದೆ ನೀರು ಕುಡ್ಕೊಂಡೇ ಇರೋದಾ?" ಎಂದರು ಯುವಕರು.

"ನೀರೇ ಇಲ್ದಿದ್ರೆ ಸಂಬಳ ಕುಡೀತೀರಾ?" ಎಂದರು ಮುದುಕರು.

ಆ ನೀರಿನ ಗುಟ್ಟು ಗೊತ್ತಿದ್ದವನು ರಾ ಕುಟ್ಲೊ ಒಬ್ಬನೇ. ಬಾವಿ ಇನ್ನೂ ಬರೀ ದನಗಳಿಗಿದ್ದ ಕಾಲದಲ್ಲಿ ಅವನು ಅಲ್ಲಿ ಪಂಪು ನೋಡಿಕೊಳ್ಳುತ್ತಿದ್ದ. ರಸ್ತೆ ಕೆಲಸಕ್ಕೆಂದು ಹಗಲಿರುಳು ಪಂಪು ಓಡಿಸಿದಾಗ ನೀರು ಉಪ್ಪಾಗಿ, ಮತ್ತೆ ಸಿಹಿಯಾಗಲು ಎರಡು ವರ್ಷ ಹಿಡಿದಿತ್ತು. ಜೊತೆಗಿದ್ದವರೆಲ್ಲ ಮಣ್ಣಾಗಿದ್ದರು; ಕಡತದಲ್ಲಿ ಒಂದು ಸಾಲೂ ಇರಲಿಲ್ಲ.

"ನಾನೇ ಹೇಳ್ಲಾ?" ಎಂದಳು ಹೆಂಡತಿ.

"ಕಂ... ಕಂಡೋನು ನಾನು," ಎಂದು ಅವನು ಟೋಪಿ ತೆಗೆದು ಎದ್ದ.

"ಆ ನೀ... ನೀ... ನೀ..."

ಹಿಂದೆ ಯಾರೋ ಕಿಸಕ್ಕೆಂದರು. ಅಧಿಕಾರಿ ಗಡಿಯಾರ ನೋಡಿ, "ಬರೆದು ಕೊಟ್ಬಿಡಿ ರಾ, ಆಮೇಲೆ ನೋಡ್ತೀವಿ," ಎಂದ.

ಸಭೆ ನಡೆಸುತ್ತಿದ್ದ ಊರೊಡೆಯರು ಕೈಯೆತ್ತಿದರು. "ಮಗಾ, ನಿಮ್ಮ ಆಫೀಸಲ್ಲಿ ಹೆಂಗೋ ಗೊತ್ತಿಲ್ಲ. ಇಲ್ಲಿ ಎದ್ದೋನು ತಾನಾಗಿ ಕೂರೋತನಕ ಮಾತು ಅವನದೇ."

"ನೀರು ಅಂತಿದಾನೆ..." ಎಂದು ಪಕ್ಕದವನು ನೆರವಿಗೆ ಹೋದ.

"ನೀನೂ ಸುಮ್ನಿರು. ಅವನಿಗೂ ಬಾಯಿದೆ," ಎಂದರು ಒಡೆಯರು.

ಬಿಸಿಲು ಸರಿಯಿತು. ಮರದ ನೆರಳು ಹೋದ ಕಡೆಗೆ ಜನ ಕುರ್ಚಿ ಎಳೆದುಕೊಂಡರೇ ಹೊರತು ಯಾರೂ ಉಸಿರೆತ್ತಲಿಲ್ಲ. ಉಪ್ಪಾದ ನೀರಿನ ಕತೆ ಮುಗಿಸಿ ರಾ ಕುಟ್ಲೊ ಕೂತಾಗ ಅವನ ಅಂಗಿ ಬೆವರಿಗೆ ತೊಯ್ದಿತ್ತು. ಆಗ ಅಧಿಕಾರಿ ಪೆನ್ನು ತೆಗೆದು, "ಅದು ಯಾವ ವರ್ಷ ರಾ?" ಎಂದು ಮೆಲ್ಲಗೆ ಕೇಳಿದ.

ಒಪ್ಪಂದದ ಸಹಿಗೆ ಮೊದಲು ಹಗಲಿರುಳು ಪಂಪು ಓಡಿಸಿ ನೋಡುವುದೆಂದಾಯಿತು. ಏಳನೇ ವಾರಕ್ಕೇ ನೀರು ನಾಲಿಗೆಗೆ ಉಪ್ಪುಪ್ಪೆನಿಸಿತು, ಕೂಡಲೇ ನಿಲ್ಲಿಸಿದರು. ಕಂಪನಿ ದೂರದಲ್ಲಿ ಬೇರೆ ಬಾವಿ ಕೊರೆಸಿಕೊಂಡಿತು. ಬಂದ ಕೆಲಸ ನೂರಲ್ಲ, ಮೂವತ್ತು. ಯುವಕರು ಸ್ವಲ್ಪ ಗೊಣಗಿದರು, ಅದೂ ತಪ್ಪಲ್ಲ.

ರಾ ಕುಟ್ಲೊಗೆ ಮಾತ್ರ ಎದೆ ತುಂಬಿ ಬಂದಿತ್ತು. ಬಾವಿ ಉಳಿದದ್ದಕ್ಕಿಂತ, ಅಷ್ಟು ಜನ ತನಗಾಗಿ ಅಷ್ಟು ಹೊತ್ತು ಕಾದರಲ್ಲ, ಅದನ್ನು ನೆನೆದರೆ ಅವನ ಕಣ್ಣು ಒದ್ದೆಯಾಗುತ್ತಿತ್ತು. ಬಾರನ್ನು ಎರಡೆಳೆಯಾಗಿ ಹೆಣೆದು, ಎತ್ತರದ ಬೆನ್ನಿಟ್ಟು, ಹೊಸ ಕುರ್ಚಿಯೊಂದನ್ನು ಮಾಡಿ ಒಡೆಯರ ಅಂಗಳಕ್ಕೆ ಹೊತ್ತೊಯ್ದ.

"ಇದ್ಯಾಕಪ್ಪಾ? ನೀನು ಮಾಡಿದ್ದೇ ಒಂದು ಇದೆಯಲ್ಲ!"

"ನಿ... ನಿಮ್ಮ ಬೆ... ಬೆನ್ನು ನೋಯಬಾರ್ದು. ನಾ... ನಾನು ಇನ್ಮೇಲೂ ಮಾ... ಮಾ... ಮಾತಾಡ್ತೀನಿ."

ಕೊನೆಯ ಅಕ್ಷರ ಬರುವವರೆಗೂ ಒಡೆಯರು ಕಾದರು. ಆಮೇಲೆ ಜೋರಾಗಿ ನಕ್ಕು, ಹೊಸ ಕುರ್ಚಿಯಲ್ಲಿ ಆರಾಮಾಗಿ ಒರಗಿ ಕೂತರು.